ಕಾರಿನ ಬೆನ್ನಿಗೊಂದು ಮನೆ: ಪರದೇಶದ ದಾರಿಯಲ್ಲಿ ಕ್ಯಾರವಾನ್ ನಿಲ್ಲಿಸಿದರೆ ಪೊಲೀಸರು ನೋಡುವುದೇನು?

ಹೋದ ಬೇಸಿಗೆಯಲ್ಲಿ ನನ್ನ ಅಕ್ಕ, ಭಾವ ಇಬ್ಬರೂ ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ, ಅಲ್ಲಿಂದ ವಿಮಾನ ಹತ್ತಿ ಜರ್ಮನಿಯಲ್ಲಿರುವ ಮಗನ ಮನೆ ಸೇರಿದರು. ಮಗ ಗೆಳೆಯನ ಕ್ಯಾರವಾನ್ ತಂದಿದ್ದ. ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು, ಆಸ್ಟ್ರಿಯಾ ದಾಟಿ, ಇಟಲಿಯ ಗಾರ್ಡಾ ಸರೋವರಕ್ಕೆ ಹೋಗುವುದು ಅವರ ಯೋಜನೆ. ಆಸ್ಟ್ರಿಯಾದ ಹೆದ್ದಾರಿಯಲ್ಲಿ ಪೊಲೀಸರು ಕೈ ಮಾಡಿ ನಿಲ್ಲಿಸಿದರು. ಕಾಗದ ನೋಡಿದರು, ಗಾಡಿ ತೂಗಿದರು, ದಂಡ ಬರೆದರು. ಒಂದೂವರೆ ತಾಸು ಅಲ್ಲೇ ಹೋಯಿತು.

ಅವತ್ತು ರಾತ್ರಿ ಅಕ್ಕನ ಫೋನು. "ತಮ್ಮಾ, ನಡು ದಾರ್‍ಯಾಗ ನಿಲ್ಲಿಸಿ ತೂಕ ಮಾಡಿದ್ರು ನೋಡು. ನಾವೇನು ಕಳ್ಳ ಮಾಲು ಒಯ್ಲಾಕತ್ತಿದ್ವೇನು?"

ಆಕೆಯ ದನಿಯಲ್ಲಿ ಅವಮಾನ ಇತ್ತು. ನಾವು ಪರದೇಶದವರು ಅಂತಲೇ ಹಿಡಿದರು ಎಂದು ಆಕೆ ತಿಳಿದಿದ್ದಳು. ಆಮೇಲೆ ನಮ್ಮ ಓಣಿಯಲ್ಲೇ ಇನ್ನೂ ಮೂರ್ನಾಲ್ಕು ಮನೆಯವರು ಇದನ್ನೇ ಕೇಳಿದರು. ಬೀದರ್‌ನ ಒಬ್ಬರು, ಯಾದಗಿರಿಯ ಒಬ್ಬರು ಫೋನ್ ಮಾಡಿ ವಿಚಾರಿಸಿದರು. ಎಲ್ಲರ ಮಕ್ಕಳೂ ಹೊರಗಿದ್ದಾರೆ. ಎಲ್ಲರೂ ಈ ಸಲ ಮೇ-ಜೂನಿನಲ್ಲಿ ಹೊರಟಿದ್ದಾರೆ. ಹಾಗಾಗಿ ಬುಡದಿಂದ ಶುರು ಮಾಡಿ ಬರೆಯುತ್ತಿದ್ದೇನೆ.

ಕ್ಯಾರವಾನ್ ಅಂದರೆ ಯಾವುದು?

ಎಂಜಿನ್ ಇಲ್ಲದ, ಚಕ್ರದ ಮೇಲಿನ ಪುಟ್ಟ ಮನೆ. ಒಳಗೆ ಹಾಸಿಗೆ, ಒಲೆ, ಫ್ರಿಜ್, ಸಣ್ಣ ಶೌಚಾಲಯ ಇರುತ್ತವೆ. ತನ್ನಷ್ಟಕ್ಕೆ ಓಡುವುದಿಲ್ಲ, ಕಾರು ಎಳೆಯಬೇಕು. ಎಂಜಿನ್ ಸಮೇತ ಇರುವ ವ್ಯಾನಿನಂಥ ಮನೆಗೆ ಮೋಟರ್‌ಹೋಮ್ ಅನ್ನುತ್ತಾರೆ. ಅದರ ನಿಯಮ ಬೇರೆ, ಅದು ಇಲ್ಲಿ ಬೇಡ.

ಜಾತ್ರೆಗೆ ಹೋಗುವ ಕೊಲ್ಲಾರಿ ಬಂಡಿಯನ್ನು ನೆನಪಿಸಿಕೊಳ್ಳಿ. ಮೇಲೆ ಚಾವಣಿ, ಒಳಗೆ ಹಾಸಿಗೆ, ಪಾತ್ರೆ-ಪಗಡ, ಬುತ್ತಿ ಗಂಟು. ಎತ್ತಿನ ಜಾಗದಲ್ಲಿ ಕಾರು ಇಟ್ಟರೆ ಅದೇ ಕ್ಯಾರವಾನ್. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಬಂಡಿಯಲ್ಲಿ, ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನಮ್ಮವರು ಕೂತು ಹೋಗುತ್ತಾರೆ. ಓಡುವ ಕ್ಯಾರವಾನಿನೊಳಗೆ ಯಾರೂ ಇರುವಂತಿಲ್ಲ. ಬ್ರಿಟನ್ನಿನಲ್ಲಿ, ಜರ್ಮನಿಯಲ್ಲಿ ಇದು ನೇರವಾಗಿ ಕಾನೂನಿಗೆ ವಿರುದ್ಧ. "ಅವ್ವಗೆ ಬೆನ್ನು ನೋವು, ಸ್ವಲ್ಪ ಹೊತ್ತು ಒಳಗೆ ಮಲಗಲಿ" ಎಂದು ಪ್ರೀತಿಯಿಂದ ಮಾಡಿದರೂ ತಪ್ಪೇ. ಒಳಗೆ ಸೀಟ್‌ಬೆಲ್ಟ್ ಇರುವುದಿಲ್ಲ, ಗೋಡೆಯೂ ತೆಳು.

ಕಾರಿನ ಹಿಂದೆ 50 ಮಿಲಿಮೀಟರ್ ದಪ್ಪದ ಉಕ್ಕಿನ ಗುಂಡು ಇರುತ್ತದೆ. ಕ್ಯಾರವಾನಿನ ಮೂತಿ ಅದರ ಮೇಲೆ ಬಟ್ಟಲಿನ ಹಾಗೆ ಕೂತು ಬಿಗಿಯಾಗುತ್ತದೆ. ನಮ್ಮ ಟ್ರಾಲಿಗಳಿಗೆ ಸಾಮಾನ್ಯವಾಗಿ ಬೇರೆ ಬ್ರೇಕ್ ಇರುವುದಿಲ್ಲ, ಟ್ರ್ಯಾಕ್ಟರ್ ನಿಂತರೆ ಟ್ರಾಲಿ ನಿಲ್ಲಬೇಕು. ಕ್ಯಾರವಾನಿಗೆ ತನ್ನದೇ ಬ್ರೇಕ್ ಉಂಟು. ಕಾರು ನಿಧಾನ ಆದಾಗ ಹಿಂದಿನಿಂದ ಕ್ಯಾರವಾನ್ ಮುಂದಕ್ಕೆ ತಳ್ಳುತ್ತದೆ ಅಲ್ವಾ, ಆ ತಳ್ಳುವ ಬಲವೇ ಅದರ ಬ್ರೇಕನ್ನು ಹಿಡಿಸುತ್ತದೆ. ಜೊತೆಗೆ ಒಂದು ತೆಳ್ಳನೆಯ ಉಕ್ಕಿನ ತಂತಿ ಇರುತ್ತದೆ. ಕೊಂಡಿ ಕಳಚಿ ಕ್ಯಾರವಾನ್ ಬೇರೆಯಾದರೆ ಈ ತಂತಿ ಜಗ್ಗಿ, ಬ್ರೇಕ್ ಹಾಕಿ, ಆಮೇಲೆ ಹರಿಯುತ್ತದೆ. ಇದನ್ನು ಸುಮ್ನೆ ಗುಂಡಿಗೆ ಸುತ್ತಿಬಿಟ್ಟರೆ ನೆದರ್‌ಲ್ಯಾಂಡ್ಸ್, ಸ್ವಿಟ್ಜರ್‌ಲ್ಯಾಂಡ್ ಪೊಲೀಸರು ಒಪ್ಪುವುದಿಲ್ಲ. ಕಾರಿಗೆ ಗಟ್ಟಿಯಾಗಿ ಜೋಡಿಸಿದ ಬೇರೆ ಬಳೆಗೆ ಸಿಕ್ಕಿಸಿರಬೇಕು. ಗುಂಡೇ ಕಳಚಿ ಬಿದ್ದರೆ ಅದಕ್ಕೆ ಸುತ್ತಿದ ತಂತಿಯೂ ಜೊತೆಗೇ ಹೋಗುತ್ತದಲ್ಲ, ಅದಕ್ಕೆ.

ತೂಕದ ಲೆಕ್ಕ: ಎಲ್ಲ ತಾಪತ್ರಯ ಇಲ್ಲೇ

ಕಬ್ಬಿನ ಕಾರ್ಖಾನೆಯಲ್ಲಿ ಕಾಟಾ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ತುಂಬಿದ ಗಾಡಿಯನ್ನು ಮೊದಲು ತೂಗುತ್ತಾರೆ. ಕಬ್ಬು ಇಳಿಸಿ ಖಾಲಿ ಗಾಡಿಯನ್ನು ಮತ್ತೆ ತೂಗುತ್ತಾರೆ. ಎರಡರ ನಡುವಿನ ಅಂತರವೇ ಮಾಲು. ಕಲಬುರಗಿಯ ದಾಲ್ ಮಿಲ್ಲುಗಳಿಗೆ ತೊಗರಿ ತರುವ ಲಾರಿಗೂ ಇದೇ ಲೆಕ್ಕ.

ಕ್ಯಾರವಾನಿಗೂ ಎರಡು ಅಂಕಿ ಇವೆ. ಒಂದು, ಕಂಪನಿಯಿಂದ ಹೊರಬಂದಾಗಿನ ಸಿದ್ಧ ತೂಕ. ಇನ್ನೊಂದು, ಎಲ್ಲ ಸಾಮಾನು ತುಂಬಿದ ಮೇಲೂ ದಾಟಬಾರದ ಗರಿಷ್ಠ ತೂಕ. ಇವೆರಡರ ನಡುವಿನ ಅಂತರದಷ್ಟೇ ಸಾಮಾನು ತುಂಬಬಹುದು. ಈ ಅಂತರ ಜನ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇರುತ್ತದೆ.

ನಮ್ಮ ಹುಡುಗ ತಂದ ಕ್ಯಾರವಾನಿನ ಗರಿಷ್ಠ ತೂಕ 1,300 ಕೆ.ಜಿ. ಸಿದ್ಧ ತೂಕ 1,120. ಅಂದರೆ 180 ಕೆ.ಜಿ. ತುಂಬಬಹುದು. ಕೇಳಲಿಕ್ಕೆ ಬೇಕಾದಷ್ಟಾಯಿತು ಅನಿಸುತ್ತದೆ. ಈಗ ಕೂಡಿಸಿ ನೋಡಿ. ಗೆಳೆಯ ಆಮೇಲೆ ಹಾಕಿಸಿದ ಎ.ಸಿ. 30 ಕೆ.ಜಿ. ನಿಲ್ಲಿಸುವಾಗ ಕ್ಯಾರವಾನನ್ನು ಕಾರಿಲ್ಲದೆ ಸರಿಸುವ ಮೋಟರ್ ಇನ್ನೊಂದು 30. ಬಾಗಿಲ ಮುಂದೆ ಕಟ್ಟುವ ಡೇರೆ 35. ತೊಟ್ಟಿಯಲ್ಲಿ ತುಂಬಿದ ನೀರು 40, ಯಾಕೆಂದರೆ ಒಂದು ಲೀಟರ್ ನೀರು ಒಂದು ಕೆ.ಜಿ. ಕುರ್ಚಿ, ಮೇಜು 25. ಅಕ್ಕಿ, ಬೇಳೆ, ಕುಕ್ಕರ್, ಡಬ್ಬಿ ಎಲ್ಲ ಸೇರಿ 40. ಎರಡು ಸೈಕಲ್ 30. ಬಟ್ಟೆ, ಹೊದಿಕೆ 45. ಒಟ್ಟು 275 ಕೆ.ಜಿ. ತುಂಬಿದ ಗಾಡಿ 1,395 ಆಯಿತು. 95 ಕೆ.ಜಿ. ಜಾಸ್ತಿ.

ಇದರಲ್ಲಿ ಒಂದೂ ದುಂದಿನ ವಸ್ತು ಇಲ್ಲ. ಅದೇ ಇಲ್ಲಿನ ಕಷ್ಟ. ಒಂದೊಂದೇ ನೋಡಿದರೆ ಎಲ್ಲವೂ ಹಗುರ, ಕೂಡಿದಾಗ ಮಿತಿ ದಾಟಿರುತ್ತದೆ. ಎ.ಸಿ., ಮೋಟರ್ ಹಾಕಿಸಿದ ದಿನವೇ 180ರಲ್ಲಿ 60 ಕೆ.ಜಿ. ಖರ್ಚಾಗಿತ್ತು. ಗೆಳೆಯನಿಗೂ ಅದು ಹೊಳೆದಿರಲಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಮಿತಿ ಒಂದಲ್ಲ, ಮೂರು. ಕ್ಯಾರವಾನ್ ತಾನು ಹೊರಬಹುದಾದ ತೂಕ ಒಂದು. ಆ ಕಾರು ಎಳೆಯಬಹುದಾದ ತೂಕ ಇನ್ನೊಂದು. ಕಾರು, ಕ್ಯಾರವಾನ್ ಎರಡೂ ಕೂಡಿ ದಾಟಬಾರದ ಒಟ್ಟು ತೂಕ ಮೂರನೆಯದು. ಮೂರರಲ್ಲಿ ಯಾವುದನ್ನು ಮೀರಿದರೂ ತಪ್ಪು ತಪ್ಪೇ. ಕಾರಿನ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಒಂದು ಸಣ್ಣ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಸಾಲು ಅಂಕಿ ಇರುತ್ತವೆ. ಮೊದಲ ಸಾಲು ಕಾರಿನ ಗರಿಷ್ಠ ತೂಕ. ಎರಡನೆಯದು ಕಾರು-ಕ್ಯಾರವಾನ್ ಕೂಡಿದ ಗರಿಷ್ಠ ತೂಕ. ಮೂರನೆಯದು ಮುಂದಿನ ಅಚ್ಚು, ನಾಲ್ಕನೆಯದು ಹಿಂದಿನ ಅಚ್ಚು ಹೊರಬಹುದಾದ ಭಾರ.

ಇನ್ನು ಮೂತಿಯ ಭಾರ. ಇದಕ್ಕೆ ಎತ್ತಿನ ಬಂಡಿಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಬಂಡಿಯ ಹಿಂಭಾಗಕ್ಕೆ ಚೀಲ ಜಾಸ್ತಿ ಹೇರಿದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಉರುಲು ಬೀಳುತ್ತದೆ. ಮುಂದಕ್ಕೆ ಜಾಸ್ತಿ ಹೇರಿದರೆ ಎತ್ತು ಕುಸಿಯುತ್ತದೆ. ಹೇರುವವನು ನೊಗ ಎತ್ತಿ ನೋಡಿ ಹದ ಮಾಡುತ್ತಾನೆ. ಕ್ಯಾರವಾನಿನ ಮೂತಿಯೂ ಕಾರಿನ ಗುಂಡಿನ ಮೇಲೆ ಅಷ್ಟೇ ಹದವಾಗಿ ಕೂರಬೇಕು. ಕ್ಯಾರವಾನಿನ ತೂಕದ ಶೇಕಡಾ 5ರಿಂದ 7ರಷ್ಟು ಅಲ್ಲಿ ಬೀಳಬೇಕು ಎನ್ನುವುದು ಬ್ರಿಟನ್ನಿನಲ್ಲಿ ಹೇಳುವ ಅಂದಾಜು. ಕಾರಿನ ಕಡೆಯಿಂದಲೂ ಇದಕ್ಕೊಂದು ಮಿತಿ ಇದೆ, ಸಾಮಾನ್ಯವಾಗಿ 75ರಿಂದ 100 ಕೆ.ಜಿ. ಈ ಭಾರ ಕಾರು ಹೊರುವ ಸಾಮಾನಿನ ಲೆಕ್ಕಕ್ಕೂ ಸೇರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಹಿಂದೆ ಭಾರ ಜಾಸ್ತಿ ಇದ್ದರೆ ಏನಾಗುತ್ತದೆ? ಪಕ್ಕದಲ್ಲಿ ದೊಡ್ಡ ಲಾರಿ ಸರಿದು ಹೋದಾಗ, ಅಡ್ಡ ಗಾಳಿ ಬೀಸಿದಾಗ, ಇಳಿಜಾರಿನಲ್ಲಿ ವೇಗ ಏರಿದಾಗ ಕ್ಯಾರವಾನ್ ಎಡಕ್ಕೆ ಬಲಕ್ಕೆ ಹೊಯ್ದಾಡಲು ಶುರು ಮಾಡುತ್ತದೆ. ಒಂದೊಂದು ಹೊಯ್ದಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗಬಹುದು. ಕೊನೆಗೆ ಕಾರನ್ನೇ ಎಳೆದು ಮಗುಚುತ್ತದೆ. ಆಗ ವೇಗ ಹೆಚ್ಚಿಸಬಾರದು. ಸ್ಟೀರಿಂಗನ್ನು ಅತ್ತಿತ್ತ ತಿರುಗಿಸಿ ಸರಿ ಮಾಡಲು ಹೋಗಬಾರದು. ನೆಟ್ಟಗೆ ಹಿಡಿದು ವೇಗ ಇಳಿಸಬೇಕು. ಭಾರದ ಸಾಮಾನನ್ನು ಕೆಳಗೆ, ಅಚ್ಚಿನ ಹತ್ತಿರ ಇಡಿ ಅನ್ನುವುದು ಇದಕ್ಕೇ. ತೂಕದ ವಿಷಯದಲ್ಲಿ ಪೊಲೀಸರು ಇಷ್ಟು ಬಿಗಿ ಯಾಕೆ ಎಂದು ಅಕ್ಕ ಕೇಳಿದಾಗ ನಾನು ಹೇಳಿದ್ದೂ ಇದನ್ನೇ. ಅವರು ಹುಡುಕುತ್ತಿದ್ದದ್ದು ಕಳ್ಳ ಮಾಲಲ್ಲ, ಮಗುಚಬಹುದಾದ ಗಾಡಿಯನ್ನು.

ಯಾರು ಓಡಿಸಬಹುದು?

ಯುರೋಪಿನ ಒಕ್ಕೂಟದಲ್ಲಿ ಮಾಮೂಲಿ ಕಾರಿನ ಲೈಸೆನ್ಸಿಗೆ 'ಬಿ' ವರ್ಗ ಅನ್ನುತ್ತಾರೆ. 3,500 ಕೆ.ಜಿ.ವರೆಗಿನ ಗಾಡಿ, ಅದರ ಹಿಂದೆ 750 ಕೆ.ಜಿ.ವರೆಗಿನ ಟ್ರೇಲರ್ ಎಳೆಯಬಹುದು. ಟ್ರೇಲರ್ 750 ದಾಟಿದರೆ ಎರಡೂ ಕೂಡಿ 3,500ರೊಳಗೆ ಇರಬೇಕು. ಕಾರಿನ ಗರಿಷ್ಠ ತೂಕ 2,000, ಕ್ಯಾರವಾನಿನದು 1,300 ಇದ್ದರೆ ಒಟ್ಟು 3,300. 'ಬಿ' ಸಾಕು. ಕ್ಯಾರವಾನ್ 1,600 ಆದರೆ ಒಟ್ಟು 3,600. ಆಗ 'ಬಿ 96' ಎಂಬ ಹೆಚ್ಚುವರಿ ಗುರುತು ಬೇಕು, ಅದು 4,250 ಕೆ.ಜಿ.ವರೆಗೆ ನಡೆಯುತ್ತದೆ. ಜರ್ಮನಿಯಲ್ಲಿ ಅದಕ್ಕೆ 7 ಗಂಟೆಯ ತರಬೇತಿ ಸಾಕು, ಪರೀಕ್ಷೆ ಇಲ್ಲ. ಅದನ್ನೂ ದಾಟಿದರೆ 'ಬಿಇ' ವರ್ಗ, ಅದಕ್ಕೆ ಓಡಿಸಿ ತೋರಿಸುವ ಪರೀಕ್ಷೆ ಇದೆ. ಬ್ರಿಟನ್ನಿನಲ್ಲಿ 2021ರ ಡಿಸೆಂಬರ್ 16ರಿಂದ ಈ ತಂಟೆ ಇಲ್ಲ. ಅಲ್ಲಿನ ಕಾರಿನ ಲೈಸೆನ್ಸ್ ಇದ್ದವರು 3,500 ಕೆ.ಜಿ.ವರೆಗಿನ ಟ್ರೇಲರ್ ಎಳೆಯಬಹುದು.

ಇಲ್ಲಿ ಎಲ್ಲರೂ ಎಡವುವ ಒಂದು ವಿಷಯ ಇದೆ. ಲೈಸೆನ್ಸಿನ ಲೆಕ್ಕಕ್ಕೆ ಬರುವುದು ಕಾಗದದ ಮೇಲಿನ ಗರಿಷ್ಠ ತೂಕ. ಕ್ಯಾರವಾನ್ ಪೂರ್ತಿ ಖಾಲಿ ಇದ್ದರೂ ಕಾಗದದಲ್ಲಿ 1,600 ಎಂದಿದ್ದರೆ ಅದು 1,600ವೇ. ಹೊರೆ ಜಾಸ್ತಿ ಆಯಿತೇ ಎಂದು ನೋಡುವಾಗ ಮಾತ್ರ ಕಾಟಾದ ಮೇಲಿನ ನಿಜ ತೂಕ. ಒಂದೇ ಗಾಡಿಗೆ ಎರಡು ಲೆಕ್ಕ.

ಈಗ ನಮ್ಮ ಊರಿನ ಲೈಸೆನ್ಸಿಗೆ ಬರೋಣ. ಭಾವನವರು ಮೂವತ್ತು ವರ್ಷದಿಂದ ಕಾರು ಓಡಿಸುತ್ತಾರೆ. ಜೀಪು, ಟ್ರ್ಯಾಕ್ಟರ್ ಎಲ್ಲ ಪಳಗಿದೆ. "ಮಗ ದಣಿದಾಗ ನಾನು ಸ್ವಲ್ಪ ದೂರ ಓಡಿಸ್ತೀನಿ" ಅನ್ನುವುದು ಅವರ ಆಸೆ. ಕಲಬುರಗಿ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿದ್ದರು. ಕೆಎ 32 ಆಗಲಿ, ಯಾದಗಿರಿಯ 33 ಆಗಲಿ, ಬೀದರ್‌ನ 38 ಆಗಲಿ, ಕ್ರಮ ಒಂದೇ. ನಮೂನೆ 4ಎ ತುಂಬಿ, ಲೈಸೆನ್ಸು, ಪಾಸ್‌ಪೋರ್ಟು ಪ್ರತಿ ಕೊಡಬೇಕು. ಒಂದು ವರ್ಷ ನಡೆಯುತ್ತದೆ. 2022ರ ಆಗಸ್ಟಿನಲ್ಲಿ ಕೇಂದ್ರ ಸಾರಿಗೆ ಇಲಾಖೆ ಇದರ ಪುಸ್ತಿಕೆ ದೇಶದ ತುಂಬ ಒಂದೇ ನಮೂನೆಯಲ್ಲಿ ಇರಬೇಕೆಂದು ಆದೇಶ ಮಾಡಿತು.

ಈ ಪುಸ್ತಿಕೆ ಲೈಸೆನ್ಸಿನ ಬದಲಿ ಅಲ್ಲ, ಅದರ ಅನುವಾದ ಅಷ್ಟೇ. ಮೂಲ ಲೈಸೆನ್ಸ್ ಜೊತೆಗಿರಲೇಬೇಕು. ಇದು 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವಂಥದು. ಅದರಲ್ಲೂ ಎ, ಬಿ, ಸಿ, ಡಿ, ಇ ಎಂಬ ಐದು ವರ್ಗ ಇವೆ. 'ಬಿ' ಎದುರು ಮುದ್ರೆ ಇದ್ದರೆ ಕಾರು ಓಡಿಸಬಹುದು, ಹಿಂದೆ ಹಗುರ ಟ್ರೇಲರ್ ಎಳೆಯಬಹುದು. ಹಗುರ ಅಂದರೆ ಗರಿಷ್ಠ 750 ಕೆ.ಜಿ. ಅದಕ್ಕಿಂತ ಭಾರದ್ದಕ್ಕೆ 'ಇ' ಎದುರು ಮುದ್ರೆ ಬೇಕು. ಕುಟುಂಬ ಮಲಗುವಷ್ಟು ದೊಡ್ಡ ಕ್ಯಾರವಾನ್ ಸಾಧಾರಣವಾಗಿ ಸಾವಿರ ಕೆ.ಜಿ. ದಾಟಿರುತ್ತದೆ. ಹಾಗಾಗಿ ಊರಿನ ಕಾರಿನ ಲೈಸೆನ್ಸು ಹಿಡಿದು ಅದನ್ನು ಎಳೆಯಲು ಕೂರಬಾರದು.

ಭಾವನವರು ಒಂದು ಮಾತು ಕೇಳಿದರು. ನಮ್ಮಲ್ಲಿ ಹಗುರ ವಾಹನದ ಲೈಸೆನ್ಸಿಗೆ 7,500 ಕೆ.ಜಿ.ವರೆಗೆ ಮಿತಿ ಇದೆಯಲ್ಲ, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿ ಹಿಡಿದಿದೆಯಲ್ಲ? ನಿಜ. ಆದರೆ ಅದು ಭಾರತದೊಳಗಿನ ಮಾತು. ಹೊರಗೆ ಪುಸ್ತಿಕೆಯ ಮೇಲಿನ ಮುದ್ರೆಯನ್ನೇ ನೋಡುತ್ತಾರೆ. ಕ್ಯಾರವಾನ್ ಬಿಚ್ಚಿಟ್ಟ ಮೇಲೆ ಬರೀ ಕಾರು ಓಡಿಸಲು ಅವರಿಗೆ ಅಡ್ಡಿ ಇಲ್ಲ, ಕಾರಿನ ವಿಮೆ ಅವರನ್ನೂ ಒಳಗೊಂಡಿದ್ದರೆ ಸಾಕು.

ಮಕ್ಕಳಿಗೂ ಒಂದು ಮಾತು. ಜರ್ಮನಿಯಲ್ಲಿ ನೆಲೆಸಲು ಹೋದವರಿಗೆ ಭಾರತದ ಲೈಸೆನ್ಸ್ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಅಲ್ಲಿನದನ್ನೇ ಪಡೆಯಬೇಕು.

ನಿಲ್ಲಿಸಿದಾಗ ಏನಾಗುತ್ತದೆ?

ಹಿಂದಿನಿಂದ ಪೊಲೀಸರ ನೀಲಿ ದೀಪ ಬಂದರೆ ಇದ್ದಲ್ಲೇ ನಿಲ್ಲಿಸಬೇಕು ಎಂದು ಎಲ್ಲ ಕಡೆ ಅಂದುಕೊಳ್ಳಬಾರದು. ಜರ್ಮನಿಯಲ್ಲಿ ಪೊಲೀಸ್ ಕಾರು ಅನೇಕ ಸಲ ನಮ್ಮನ್ನು ದಾಟಿ ಮುಂದೆ ಬರುತ್ತದೆ. ಅದರ ಹಿಂಬದಿಯ ದೀಪದ ಪಟ್ಟಿಯಲ್ಲಿ 'ಬಿಟ್ಟೆ ಫೋಲ್ಗೆನ್' ಎಂದು ಬರುತ್ತದೆ. 'ದಯವಿಟ್ಟು ಹಿಂಬಾಲಿಸಿ' ಎಂದರ್ಥ. ಹೆದ್ದಾರಿಯ ನಡುವೆ ನಿಲ್ಲಬಾರದು. ಅವರ ಹಿಂದೆ ನಿಧಾನವಾಗಿ ಹೋಗಿ, ಅವರು ತೋರಿಸಿದ ಜಾಗದಲ್ಲಿ ನಿಲ್ಲಿಸಬೇಕು. ಇಟಲಿಯಲ್ಲಿ, ಆಸ್ಟ್ರಿಯಾದಲ್ಲಿ ದಾರಿ ಪಕ್ಕ ನಿಂತು ಕೋಲಿನ ತುದಿಯ ದುಂಡು ಫಲಕ ತೋರಿಸುವುದೂ ಉಂಟು.

ನಿಂತ ಮೇಲೆ ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಕೈ ಸ್ಟೀರಿಂಗ್ ಮೇಲೆ ಇಟ್ಟು ಕೂತಿರಬೇಕು. ಇಳಿಯಿರಿ ಎನ್ನುವವರೆಗೆ ಇಳಿಯಬಾರದು. ನಮ್ಮ ಕಡೆ ಇಳಿದು ಹೋಗಿ ಮಾತಾಡಿಸುವುದೇ ಮರ್ಯಾದೆ. ಅಲ್ಲಿ ಹಾಗೆ ಧಾವಿಸಿ ಹೋದರೆ ಅವರು ಎಚ್ಚರವಾಗುತ್ತಾರೆ. ಹಿಂದೆ ಕೂತ ಹಿರಿಯರಿಗೆ ಇದನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು.

ಮೊದಲು ಕೇಳುವುದು ಕಾಗದ. ಲೈಸೆನ್ಸು, ಕಾರಿನ ನೋಂದಣಿ, ಕ್ಯಾರವಾನಿನ ನೋಂದಣಿ. ಜರ್ಮನಿಯಲ್ಲಿ ಕ್ಯಾರವಾನಿಗೆ ಬೇರೆ ನಂಬರ್ ಪ್ಲೇಟು, ಬೇರೆ ಕಾಗದ. ಬ್ರಿಟನ್ನಿನಲ್ಲಿ ಹಾಗಲ್ಲ, ಕ್ಯಾರವಾನಿನ ಹಿಂದೆ ಎಳೆಯುವ ಕಾರಿನ ನಂಬರನ್ನೇ ಹಾಕುತ್ತಾರೆ. ಜರ್ಮನಿಯಲ್ಲಿ ಕಾಗದವೆಲ್ಲ ಜೊತೆಯಲ್ಲೇ ಇರಬೇಕು. ಬ್ರಿಟನ್ನಿನ ಪೊಲೀಸರು ಅಲ್ಲಿ ಇಲ್ಲದಿದ್ದರೆ 7 ದಿನದೊಳಗೆ ಠಾಣೆಗೆ ತಂದು ತೋರಿಸಲು ಹೇಳಬಹುದು. ನಮ್ಮ ಹುಡುಗನ ಹಾಗೆ ಬೇರೆಯವರ ಗಾಡಿ ತಂದಿದ್ದರೆ ಒಡೆಯನ ಒಪ್ಪಿಗೆ ಪತ್ರ ಇರಲಿ. ಬಾಡಿಗೆಯದ್ದಾದರೆ ಗಡಿ ದಾಟಲು ಅನುಮತಿ ಇದೆಯೇ ಎಂದು ಒಪ್ಪಂದದಲ್ಲೇ ನೋಡಿಕೊಳ್ಳಬೇಕು.

ಭಾಷೆ ಬರದಿದ್ದರೆ ಹೇಗೆ? ಇಲ್ಲಿ ಒಂದು ಒಳ್ಳೆಯ ಅನುಕೂಲ ಇದೆ, ಇದನ್ನು ತಿಳಿದಾಗ ನನಗೇ ಬಹಳ ಖುಷಿಯಾಯಿತು. ಯುರೋಪಿನ ಒಕ್ಕೂಟದ ನೋಂದಣಿ ಕಾಗದದಲ್ಲಿ ಭಾಷೆ ಯಾವುದೇ ಇರಲಿ, ಪ್ರತಿ ಅಂಕಿಯ ಮುಂದಿನ ಸಂಕೇತ ಎಲ್ಲ ದೇಶದಲ್ಲೂ ಒಂದೇ. 'ಎಫ್' ಗುಂಪಿನದು ಗರಿಷ್ಠ ತೂಕ. 'ಜಿ' ಎಂದರೆ ಸಿದ್ಧ ತೂಕ. 'ಒ.1' ಎಂದರೆ ಬ್ರೇಕ್ ಇರುವ ಟ್ರೇಲರನ್ನು ಎಷ್ಟು ತೂಕದವರೆಗೆ ಎಳೆಯಬಹುದು, 'ಒ.2' ಎಂದರೆ ಬ್ರೇಕ್ ಇಲ್ಲದ್ದನ್ನು ಎಷ್ಟರವರೆಗೆ. ಜರ್ಮನಿಯ ಕಾಗದ ಹಿಡಿದ ಇಟಲಿಯ ಪೊಲೀಸರು ಒಂದು ಪದ ಓದದೆಯೂ ಲೆಕ್ಕ ಹಾಕಬಲ್ಲರು. ನಾವೂ ಹಾಕಬಹುದು.

ಆಮೇಲೆ ತೂಕ. ಹತ್ತಿರದ ಕಾಟಾಕ್ಕೆ ಕರೆದೊಯ್ಯುತ್ತಾರೆ, ಇಲ್ಲವೇ ಚಕ್ರದ ಕೆಳಗೆ ಹಲಗೆಯಂಥ ತೂಕದ ಯಂತ್ರ ಇಡುತ್ತಾರೆ. ಜಾಸ್ತಿ ಬಂದರೆ ದಂಡ. ಜರ್ಮನಿಯಲ್ಲಿ ಇಂಥ ಗಾಡಿ ಮಿತಿಗಿಂತ ಶೇಕಡಾ 5ಕ್ಕೂ ಜಾಸ್ತಿ ಇದ್ದರೆ 10 ಯೂರೊದಿಂದ ಶುರು. ಶೇಕಡಾ 20 ದಾಟಿದರೆ 95 ಯೂರೊ, ಜೊತೆಗೆ ಲೈಸೆನ್ಸ್ ದಾಖಲೆಗೆ ತಪ್ಪಿನ ಗುರುತಾಗಿ ಒಂದು ಪಾಯಿಂಟ್. ಈ ಶೇಕಡಾ 5ರ ರಿಯಾಯಿತಿಯನ್ನು ಎಲ್ಲ ದೇಶದಲ್ಲೂ ನೆಚ್ಚಿಕೊಳ್ಳಬೇಡಿ. ದಂಡಕ್ಕಿಂತ ದೊಡ್ಡ ತೊಂದರೆ ಎಂದರೆ ತೂಕ ಇಳಿಸುವವರೆಗೆ ಮುಂದೆ ಬಿಡದೆ ಇರುವುದು. ಇದು ನಮಗೆ ಹೊಸದೇನಲ್ಲ. ಹುಮನಾಬಾದ್ ಕಡೆ ಹೆದ್ದಾರಿಯಲ್ಲಿ ಸಿಕ್ಕಿಬಿದ್ದ ಲಾರಿಗೂ ನಮ್ಮ ಮೋಟಾರು ವಾಹನ ಕಾಯ್ದೆ ಇದನ್ನೇ ಹೇಳುತ್ತದೆ. 20,000 ರೂಪಾಯಿ ದಂಡ, ಪ್ರತಿ ಹೆಚ್ಚುವರಿ ಟನ್ನಿಗೆ 2,000, ಮೇಲಿನ ಮಾಲು ಇಳಿಸುವ ಖರ್ಚೂ ಒಡೆಯನದೇ.

ನಮ್ಮವರಿಗೆ ಹೇಗೆ ಬಗೆಹರಿಯಿತು? ತೊಟ್ಟಿಯ ಶುದ್ಧ ನೀರು ಹರಿಯಬಿಟ್ಟರು, 40 ಕೆ.ಜಿ. ಇಳಿಯಿತು. ಕಾರನ್ನೂ ತೂಗಿದಾಗ ಅದಕ್ಕೆ ಇನ್ನೂ ಸ್ವಲ್ಪ ಮಿತಿ ಉಳಿದಿತ್ತು. ಎರಡು ಸೈಕಲ್ ಕಾರಿನ ಮೇಲಿನ ಕ್ಯಾರಿಯರಿಗೆ ಏರಿದವು. ಅಕ್ಕಿ, ಬೇಳೆ 25 ಕೆ.ಜಿ. ಅಕ್ಕನ ಕಾಲ ಬಳಿ ಬಂತು. ಅಲ್ಲಿಗೆ ಸರಿಯಾಗಿ 95.

ಆ ದೇಶದಲ್ಲಿ ವಿಳಾಸ ಇಲ್ಲದವರಿಂದ ದಂಡದ ಮೊತ್ತವನ್ನು ಅಲ್ಲೇ ಕಟ್ಟಿಸಿಕೊಳ್ಳುವುದು, ಇಲ್ಲವೇ ಠೇವಣಿ ಇಡಿಸಿಕೊಳ್ಳುವುದು ಯುರೋಪಿನ ಅನೇಕ ದೇಶಗಳಲ್ಲಿ ಇದೆ. ಬ್ರಿಟನ್ನಿನಲ್ಲೂ ಇದೆ. ಇದು ಲಂಚ ಕೇಳಿದ ಹಾಗಲ್ಲ. ಕಾರ್ಡಿನಲ್ಲಿ ಕಟ್ಟಿ ರಸೀದಿ ಪಡೆಯಿರಿ. ಚೌಕಾಸಿಗೆ ಹೋಗಬೇಡಿ, ಕೈಯಲ್ಲಿ ನೋಟು ಹಿಡಿದು ಚಾಚಲೇಬೇಡಿ. ಅದು ದಂಡಕ್ಕಿಂತ ದೊಡ್ಡ ಅಪರಾಧ ಆಗುತ್ತದೆ. ನಿಲ್ಲಿಸಿದವರು ನಿಜವಾದ ಪೊಲೀಸರೇ ಎಂದು ಸಂಶಯ ಬಂದರೆ ಗುರುತಿನ ಚೀಟಿ ಕೇಳಬಹುದು, 112ಕ್ಕೆ ಫೋನ್ ಮಾಡಬಹುದು. ನಮ್ಮಲ್ಲಿ ಇರುವ ಅದೇ 112 ಅಲ್ಲೂ ನಡೆಯುತ್ತದೆ.

ಹಿರಿಯರು ಪಾಸ್‌ಪೋರ್ಟನ್ನು ಮಗನ ಮನೆಯ ಕಪಾಟಿನಲ್ಲಿ ಜೋಪಾನವಾಗಿ ಬಿಟ್ಟು ಹೋಗುತ್ತಾರೆ. ಹಾಗೆ ಮಾಡಬೇಡಿ. ಷೆಂಗೆನ್ ವೀಸಾದಲ್ಲಿ ಜರ್ಮನಿ, ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್‌ಲ್ಯಾಂಡ್ ಎಲ್ಲ ತಿರುಗಬಹುದು ನಿಜ. ಆದರೆ ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಮೂಲ ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ.

ಗಡಿ ದಾಟಿದಾಗ ವೇಗವೂ ಬದಲು

ಜರ್ಮನಿಯ ಹೆದ್ದಾರಿಗೆ ವೇಗದ ಮಿತಿ ಇಲ್ಲ ಎಂದು ನಾವು ಕೇಳಿರುತ್ತೇವೆ. ಟ್ರೇಲರ್ ಕಟ್ಟಿದ ಕಾರಿಗೆ ಅಲ್ಲಿ ಗಂಟೆಗೆ 80 ಕಿ.ಮೀ. ಮಿತಿ ಇದೆ. ಬೇರೆ ಅನುಮತಿ ಪಡೆದು, ಕ್ಯಾರವಾನಿನ ಹಿಂದೆ 100 ಎಂಬ ಮುದ್ರೆಯ ಫಲಕ ಅಂಟಿಸಿದ್ದರೆ ಹೆದ್ದಾರಿಯಲ್ಲಿ 100. ಅದಕ್ಕೆ ಕ್ಯಾರವಾನಿನ ಟೈರು 6 ವರ್ಷಕ್ಕಿಂತ ಹಳೆಯದಾಗಿರಬಾರದು. ಈ ಫಲಕ ಜರ್ಮನಿಯ ಹೊರಗೆ ಲೆಕ್ಕಕ್ಕಿಲ್ಲ. ಆಸ್ಟ್ರಿಯಾದ ಹೆದ್ದಾರಿಯಲ್ಲಿ ಎರಡೂ ಗಾಡಿಯ ಗರಿಷ್ಠ ತೂಕ ಕೂಡಿ 3,500ರೊಳಗಿದ್ದರೆ 100, ಇಲ್ಲದಿದ್ದರೆ 80. ಇಟಲಿಯಲ್ಲಿ ಹೆದ್ದಾರಿಯಲ್ಲಿ 80, ಊರ ಹೊರಗಿನ ಬೇರೆ ರಸ್ತೆಗಳಲ್ಲಿ 70. ಸ್ವಿಟ್ಜರ್‌ಲ್ಯಾಂಡ್ 2021ರಿಂದ 80 ಇದ್ದದ್ದನ್ನು 100 ಮಾಡಿದೆ. ಬ್ರಿಟನ್ನಿನ ಮೋಟರ್‌ವೇಯಲ್ಲಿ 60 ಮೈಲಿ, ಅಂದರೆ ಸುಮಾರು 96 ಕಿ.ಮೀ. ಮೂರು ಅಥವಾ ಹೆಚ್ಚು ಸಾಲಿದ್ದರೆ ತೀರಾ ಬಲಗಡೆಯ ಸಾಲಿಗೆ ಕ್ಯಾರವಾನ್ ಹೋಗುವಂತಿಲ್ಲ.

ಟೋಲಿನ ವಿಷಯ. ಆಸ್ಟ್ರಿಯಾ, ಸ್ವಿಟ್ಜರ್‌ಲ್ಯಾಂಡಿನಲ್ಲಿ ಹೆದ್ದಾರಿಗೆ ಮೊದಲೇ ದುಡ್ಡು ಕಟ್ಟಿ ಚೀಟಿ ಪಡೆಯಬೇಕು. ಆಸ್ಟ್ರಿಯಾದಲ್ಲಿ ಕಾರಿನ ಚೀಟಿಯೇ ಸಾಕು. ಸ್ವಿಟ್ಜರ್‌ಲ್ಯಾಂಡಿನಲ್ಲಿ ಕಾರಿಗೊಂದು, ಕ್ಯಾರವಾನಿಗೊಂದು, ತಲಾ 40 ಫ್ರಾಂಕ್.

ಟೈರು, ಕನ್ನಡಿ, ಗ್ಯಾಸು

ಕ್ಯಾರವಾನಿನ ಟೈರು ಸವೆದು ಹಾಳಾಗುವುದು ಕಡಿಮೆ. ವರ್ಷದಲ್ಲಿ ಬಹುಪಾಲು ನಿಂತೇ ಇರುತ್ತದೆ, ಬಿಸಿಲಿಗೆ ರಬ್ಬರ್ ಬಿರಿಯುತ್ತದೆ. ನೋಡಲಿಕ್ಕೆ ಹೊಸದರ ಹಾಗೇ ಕಾಣುತ್ತದೆ. ಅದರ ವಯಸ್ಸು ತಿಳಿಯಲು ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಿಮ್ಮ ಮನೆ ಮುಂದಿನ ಕಾರಿನ ಟೈರಿನಲ್ಲೂ ಇದೇ ಇದೆ, ಈಗಲೇ ಹೋಗಿ ನೋಡಬಹುದು. ಟೈರಿನ ಮೇಲಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು.

ಕ್ಯಾರವಾನ್ ಕಾರಿಗಿಂತ ಅಗಲ. ಕಾರಿನ ಕನ್ನಡಿಯಲ್ಲಿ ಅದರ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಾಗಾಗಿ ಹೊರಚಾಚಿದ ಹೆಚ್ಚುವರಿ ಕನ್ನಡಿ ಎರಡೂ ಕಡೆ ಕಟ್ಟಬೇಕು. ಬ್ರಿಟನ್ನಿನಲ್ಲಿ ಇದಿಲ್ಲದಿದ್ದರೆ 1,000 ಪೌಂಡ್‌ವರೆಗೆ ದಂಡ, 3 ಪಾಯಿಂಟ್.

ಓಡುವಾಗ ಸಿಲಿಂಡರಿನ ವಾಲ್ವ್ ಮುಚ್ಚಿರಲಿ. ಜರ್ಮನಿಯಲ್ಲಿ ಕ್ಯಾರವಾನಿನ ಗ್ಯಾಸ್ ಪೈಪು, ಒಲೆಗಳನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದ ಕಾಗದ ಇರಬೇಕು. ಗಾಡಿ ಕೆಟ್ಟು ನಿಂತಾಗ ಇಡುವ ತ್ರಿಕೋನ, ಹೊಳೆಯುವ ಜಾಕೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಈ ಮೂರನ್ನೂ ಕಾರಿನಲ್ಲಿ ಇಟ್ಟುಕೊಂಡರೆ ಜರ್ಮನಿ, ಆಸ್ಟ್ರಿಯಾ ಎರಡೂ ಕಡೆ ನಿಶ್ಚಿಂತೆ. ಜಾಕೆಟ್ ಡಿಕ್ಕಿಯಲ್ಲಿ ಬೇಡ, ಇಳಿಯುವ ಮೊದಲೇ ಹಾಕಿಕೊಳ್ಳುವ ಹಾಗೆ ಸೀಟಿನ ಹತ್ತಿರ ಇರಲಿ.

ತುಪ್ಪದ ಬಗ್ಗೆ ಎಲ್ಲ ತಾಯಂದಿರೂ ಕೇಳುತ್ತಾರೆ. ಯುರೋಪಿನ ಒಕ್ಕೂಟಕ್ಕೆ ಭಾರತದಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಮನೆಯ ತುಪ್ಪ, ಪೇಢೆ ಎರಡೂ ಅದರಲ್ಲಿ ಬರುತ್ತವೆ. ಇದನ್ನು ತಡೆಯುವುದು ರಸ್ತೆಯಲ್ಲಲ್ಲ, ವಿಮಾನ ಇಳಿದಾಗಿನ ಕಸ್ಟಮ್ಸ್‌ನಲ್ಲಿ.

ಹೊರಡುವ ಮೊದಲೇ ಕಾಟಾ

ಪೊಲೀಸರು ತೂಗುವ ಮೊದಲು ನಾವೇ ತೂಗಿಸಿದರೆ ಅರ್ಧ ಚಿಂತೆ ಕಳೆಯಿತು. ಜರ್ಮನಿಯಲ್ಲಿ ಕಟ್ಟಡ ಸಾಮಗ್ರಿ ಮಾರುವಲ್ಲಿ, ಗುಜರಿ ಕೊಳ್ಳುವಲ್ಲಿ, ವಾಹನ ಪರೀಕ್ಷಾ ಕೇಂದ್ರಗಳಲ್ಲಿ ಸಾರ್ವಜನಿಕರಿಗೂ ಕಾಟಾ ಸಿಗುತ್ತದೆ. ಪ್ರಯಾಣಕ್ಕೆ ಹೇಗೆ ತುಂಬುತ್ತೀರೋ ಹಾಗೇ ತುಂಬಿ, ನೀರು ಸಮೇತ ತೂಗಿಸಬೇಕು. ಕ್ಯಾರವಾನ್ ಬಿಚ್ಚಿ ಅದನ್ನೊಂದೇ ತೂಗಿಸಿ, ಆಮೇಲೆ ಎಲ್ಲರೂ ಕೂತ ಕಾರನ್ನು ಬೇರೆ ತೂಗಿಸಿ. ಮೂತಿಯ ಭಾರಕ್ಕೆ ಸಣ್ಣ ತೂಕದ ಸಾಧನ ಸಿಗುತ್ತದೆ, ಅದನ್ನು ಮೂತಿಯ ಕೆಳಗೆ ನಿಲ್ಲಿಸಿದರೆ ಅಂಕಿ ತೋರಿಸುತ್ತದೆ. ಜಾಸ್ತಿ ಬಂದರೆ ಮೊದಲು ನೀರು ಕಡಿಮೆ ಮಾಡಿ, ತಂಗುವ ಜಾಗದಲ್ಲಿ ತುಂಬಿಕೊಳ್ಳಬಹುದು. ಅಕ್ಕಿ, ಬೇಳೆ ಇಟಲಿಯ ಅಂಗಡಿಯಲ್ಲೂ ಸಿಗುತ್ತವೆ.

ಈ ವರ್ಷ ಅಕ್ಕ, ಭಾವ ಮತ್ತೆ ಹೋಗಿದ್ದಾರೆ. ಹೊರಡುವ ಹಿಂದಿನ ದಿನ ಹುಡುಗ ಫೋನ್ ಮಾಡಿದ್ದ. "ಮಾಮಾ, ಡೇರೆ ಮನ್ಯಾಗೇ ಬಿಟ್ಟೀನಿ. ಸೈಕಲ್ಲೂ ಬ್ಯಾಡಂದೆ. ಅವ್ವನ ಕುಕ್ಕರ್ ಮಾತ್ರ ಬಿಡಾಕ ಆಗಲಿಲ್ಲ ನೋಡ್ರಿ." ಸ್ವಲ್ಪ ಹೊತ್ತಿಗೆ ಕಾಟಾ ಚೀಟಿಯ ಫೋಟೊ ಬಂತು. ಕ್ಯಾರವಾನ್, ಕುಕ್ಕರ್ ಸಮೇತ, 1,265 ಕೆ.ಜಿ.